ಮಾಣಿಕನ ಹದಿನೇಳು ಕರುಗಳು

ಸರ್ಕಾರಿ ಹೋರಿ ಕೇಂದ್ರ,
ಕಾಂದಿವಲಿ, ಮುಂಬಯಿ.
ತಾ. 10-10-1955, ಸೋಮವಾರ

ಪ್ರೀತಿಯ ಅಪ್ಪಾ,

ನಿಮ್ಮ ಪಾದ ಮುಟ್ಟಿ ಮುರಿಗೆಪ್ಪ ಬರೆಯುವ ಕಾಗದ. ನಾನು ಇಲ್ಲಿ ಗಟ್ಟಿಮುಟ್ಟಾಗಿದ್ದೇನೆ. ನಿಮ್ಮ ಬಲ ಮೊಣಕಾಲು ಈಗ ಹೇಗಿದೆ? ದನ ಹೊಡೆದುಕೊಂಡು ಹೊಳೆಯ ತನಕ ನಡೆಯುವುದು ಆಗುತ್ತಿದೆಯೇ, ಇಲ್ಲ ಅರ್ಧ ದಾರಿಯಲ್ಲಿ ಎಲೆ ಅಡಿಕೆಯ ನೆವ ಮಾಡಿ ಕೂತುಬಿಡುತ್ತೀರೋ? ಅವ್ವನ ಕೆಮ್ಮು ನಿಂತಿತೇ? ಈ ಸಲ ಉತ್ತರಿ ಮಳೆ ಚೆನ್ನಾಗಿ ಹಿಡಿದು ಹಿಂಗಾರಿ ಜೋಳದ ಬಿತ್ತನೆಗೆ ಹದವಾಯಿತೆಂದು ಅವಳು ಬರೆಸಿದ್ದಳು. ಓದಿ ಹೊಟ್ಟೆ ತಣ್ಣಗಾಯಿತು.

ಇಷ್ಟು ದಿನ ಕಾಗದವನ್ನು ಅವ್ವನ ಹೆಸರಿಗೆ ಹಾಕುತ್ತಿದ್ದೆ. ಇದನ್ನು ನಿಮ್ಮ ಹೆಸರಿಗೇ ಹಾಕಿದ್ದೇನೆ. ಸದಾನಂದ ಮಾಸ್ತರರು ಕಟ್ಟೆಯ ಮೇಲೆ ಕೂತು ನನ್ನ ಕಾಗದ ಓದುವಾಗ ನೀವು ಆ ತುದಿಗೆ ಬೆನ್ನು ತಿರುಗಿಸಿ ಹಗ್ಗ ಹೊಸೆಯುತ್ತೀರಂತೆ. ಆದರೆ ನಮ್ಮ ಹೋರಿ ಮಾಣಿಕನ ಹೆಸರು ಬಂದ ಕೂಡಲೇ ಹೊಸೆಯುವ ಕೈ ನಿಲ್ಲುತ್ತದೆಂದು ಅವ್ವ ಹೇಳಿ ಬರೆಸಿದ್ದಾಳೆ. ಈ ಕಾಗದದ ತುಂಬ ಮಾಣಿಕನೇ ಇದ್ದಾನೆ, ಇವತ್ತು ಹಗ್ಗದ ಕೆಲಸ ಕೆಡುತ್ತದೆ. ಮಾಸ್ತರರೇ, ನಿಮಗೂ ನಮಸ್ಕಾರ. ಸ್ವಲ್ಪ ಗಟ್ಟಿಯಾಗಿ ಓದಿರಿ, ಅಪ್ಪನ ಎಡಗಿವಿ ಮಂದ.

ಅಪ್ಪಾ, ನಾನು ಮಾಣಿಕನ ಕರುಗಳನ್ನು ಕಣ್ಣಾರೆ ನೋಡಿ ಬಂದೆ! ಒಂದಲ್ಲ ಎರಡಲ್ಲ, ಹದಿನೇಳು! ಮೊನ್ನೆ ಶುಕ್ರವಾರ, ಸೋಲಾಪುರ ಸೀಮೆಯ ಸಾಂಗೋಲೆಯ ಕಡೆಯ ದನಗಾರರ ಹಟ್ಟಿಯಲ್ಲಿ. ಅಲ್ಲಿಂದ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಹೇಳಿಯಾಯಿತು. ಹೇಳಲೇಬೇಕಾದವರು ನೀವೊಬ್ಬರೇ ಉಳಿದಿದ್ದೀರಿ. ಆದರೆ ಅದಕ್ಕೆ ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಆದ್ದರಿಂದ ಹಿಂದಿನಿಂದಲೇ ಬರುತ್ತೇನೆ.

ನಾವು ಊರು ಬಿಟ್ಟ ದಿನ ನೀವು ಆಡಿದ ಮಾತು ನನಗೆ ಮರೆತಿಲ್ಲ. ಮೂರು ವರ್ಷದ ಹಿಂದೆ ದೊಡ್ಡಬೇನೆ ಬಂದು ಸುತ್ತಲಿನ ಏಳು ಹಳ್ಳಿಗಳ ಕೊಟ್ಟಿಗೆ ಬರಿದಾದಾಗ, ಲಸಿಕೆಯವರು ಬರುವಷ್ಟರಲ್ಲಿ ಹೂಳುವುದಕ್ಕೂ ಜನ ಸಾಲದೆ ಹೋದಾಗ, ನೀವೊಬ್ಬರೇ ನಮ್ಮ ದನಗಳನ್ನು ಹೊಳೆಯಾಚೆಯ ದಿನ್ನೆಗೆ ಹೊಡೆದುಕೊಂಡು ಹೋಗಿ ಎರಡು ತಿಂಗಳು ಯಾರನ್ನೂ ಹತ್ತಿರ ಸೇರಿಸದೆ ಉಳಿಸಿಕೊಂಡಿರಿ. ಆ ಸೀಮೆಯಲ್ಲಿ ಉಳಿದ ಒಂದೇ ಒಂದು ಒಳ್ಳೆಯ ಹೋರಿ ನಮ್ಮ ಮಾಣಿಕ. ಹೋರಿಯ ಬೀಜವನ್ನು ಬಾಟಲಿಯಲ್ಲಿ ಹಳ್ಳಿ ಹಳ್ಳಿಗೆ ಕಳಿಸುವುದಕ್ಕೆಂದು ಸರ್ಕಾರದವರು ಮೂರು ವರ್ಷದ ಮಟ್ಟಿಗೆ ಅವನನ್ನು ಕೇಳಿಕೊಂಡು ಬಂದಾಗ ಹೂಂ ಅಂದವನು ನಾನು. ಅವನ ಜೊತೆಗೆ ನಾನೂ ಹೋಗುತ್ತೇನೆ ಅಂದವನೂ ನಾನೇ. ನೀವು ಅಂದಿರಿ: "ಆಕಳ ಮಾರಿ ತೋರಿಸದ ಹೋರಿ ಕಡಿಂದ ಕರಾ ಹುಟ್ಟಸ್ತಾರಂತ! ಇವ ನನ್ನ ಮಗಾ ಅಲ್ಲ, ಗಾರುಡಿಗ. ಇದ್ದೊಂದು ಹೋರಿನೂ ಹೋತು, ಇನ್ನ ಊರ ಮಂದಿಗೆ ಏನ ಮಾರಿ ತೋರಸ್ಲಿ?" ಇಂಡಿ ರೋಡ್ ಸ್ಟೇಷನ್ನಿನಲ್ಲಿ ಮಾಣಿಕನನ್ನು ಗೂಡ್ಸ್ ಡಬ್ಬಿಗೆ ಹತ್ತಿಸುವಾಗ ಅವನು ಊರಿನ ದಿಕ್ಕಿಗೇ ಮುಖ ಮಾಡಿ ನಿಂತಿದ್ದ. ನಾನೂ ಅತ್ತಲೇ ನೋಡುತ್ತಿದ್ದೆ. ನೀವು ಬರಲಿಲ್ಲ.

ಇಲ್ಲಿಗೆ ಬಂದ ಮೇಲೆ ಅವನು ಮೂರು ದಿನ ಮೇವು ಮುಟ್ಟಲಿಲ್ಲ. ಈ ಕಾಂದಿವಲಿ ಮುಂಬಯಿ ಅನ್ನುವುದಕ್ಕೆ ಅರ್ಧ ಮಾತ್ರ ಮುಂಬಯಿ. ಸ್ಟೇಷನ್ನಿನ ಆಚೆಗೆ ಕಾರ್ಖಾನೆಗಳು ಏಳುತ್ತಿವೆ, ಈಚೆಗೆ ಗದ್ದೆ, ತಾಳೆಮರ, ಎಮ್ಮೆಯ ತಬೇಲಾ. ಕೇಂದ್ರದಲ್ಲಿ ಒಂಬತ್ತು ಹೋರಿಗಳಿಗೆ ಒಂಬತ್ತು ಕೋಣೆ, ಸಿಮೆಂಟಿನ ನೆಲ, ನಲ್ಲಿಯ ನೀರು. ಮಣ್ಣಿನ ಮೇಲೆ ಮಲಗಿ ಬೆಳೆದವನಿಗೆ ಆ ನೆಲ ಸೇರಲಿಲ್ಲ. ಕೊನೆಗೆ ಹಿತ್ತಲಿನಿಂದ ಬುಟ್ಟಿಗಟ್ಟಲೆ ಮಣ್ಣು ತಂದು ಹಾಸಿದೆ. ಇಲ್ಲಿಯ ಶೇಖರ ಡಾಕ್ಟರರು ಅದನ್ನು ನೋಡಿ ಬೈಯುತ್ತಾರೆಂದುಕೊಂಡೆ. ಅವರು ಉಡುಪಿಯ ಕಡೆಯವರು, ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಒಂದು ಗಳಿಗೆ ನಿಂತು ನೋಡಿ, "ಉಳಿದ ಎಂಟಕ್ಕೂ ಹಾಕಿಬಿಡು ಮುರಿಗೆಪ್ಪ, ಇದು ನಮಗೆ ತೋಚಲೇ ಇಲ್ಲ ನೋಡು" ಅಂದರು. ಅವತ್ತಿನಿಂದ ನನಗೆ ಅವರ ಮೇಲೆ ನಂಬಿಕೆ ಬಂತು.

ಇನ್ನು ಆ ಸುಳ್ಳು. ಹೋದ ವರ್ಷ ಶ್ರಾವಣದಲ್ಲಿ ನಾನು ಬರೆದ ಕಾಗದದಲ್ಲಿ "ಮಾಣಿಕ ಸುಖವಾಗಿದ್ದಾನೆ" ಎಂದಿತ್ತು. ಅಪ್ಪಾ, ಅದಕ್ಕೆ ಎಂಟು ದಿನ ಮೊದಲು ಮಾಣಿಕ ಸಾಯಲು ಬಿದ್ದಿದ್ದ. ಇಲ್ಲಿಗೆ ಒಣಹುಲ್ಲು ತಂತಿ ಬಿಗಿದ ಪೆಂಡಿಯಲ್ಲಿ ಬರುತ್ತದೆ. ಬಿಚ್ಚುವಾಗ ಮುರಿದ ತಂತಿಯ ಚೂರೊಂದು ಮೇವಿನ ಜೊತೆ ಅವನ ಹೊಟ್ಟೆ ಸೇರಿತ್ತು. ನನಗೆ ಗೊತ್ತಾಗಲಿಲ್ಲ. ಅವನು ಮೆಲುಕು ಹಾಕುವುದನ್ನು ಬಿಟ್ಟ. ಮುಂಗಾಲಿನ ಮೊಣಕೈ ಹೊರಗೆ ಮಾಡಿ, ಬೆನ್ನು ಬಾಗಿಸಿ ನಿಲ್ಲುತ್ತಿದ್ದ. ನೀರಿನ ತೊಟ್ಟಿಯ ಹತ್ತಿರದ ಸಣ್ಣ ಇಳಿಜಾರನ್ನೂ ಇಳಿಯಲು ಒಲ್ಲೆ ಅಂದ. ನೀವು ಹೇಳಿಕೊಟ್ಟ ಓಮು, ಸುಂಠಿ, ಬೆಲ್ಲ ಎಲ್ಲ ಕೊಟ್ಟು ನೋಡಿದೆ. ಏನೂ ನಾಟಲಿಲ್ಲ. ಶೇಖರ ಡಾಕ್ಟರರು ಅವನ ಬೆನ್ನನ್ನು ಚಿವುಟಿದರು. ಅವನು ನರಳಿದ. "ಹೆದರ್ಬೇಡ. ಇವತ್ತೇ ಹೊಟ್ಟೆ ಕೊಯ್ದು ತೆಗೀಬೇಕು. ತಂತಿ ಎದೆಗೆ ಮುಟ್ಟಿದ್ರೆ ಆಮೇಲೆ ಯಾರೂ ಏನೂ ಮಾಡ್ಲಿಕ್ಕಾಗುದಿಲ್ಲ" ಅಂದರು.

ಮಳೆ ಸುರಿಯುತ್ತಿತ್ತು. ಲಾರಿಯಲ್ಲಿ ಪರೇಲಿನ ದನದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಅವನ ಕೊಂಬು ಹಿಡಿದುಕೊಂಡು ನಿಮ್ಮ ಮುಖವನ್ನೇ ನೆನೆಯುತ್ತಿದ್ದೆ. ಅಲ್ಲಿಯ ದೊಡ್ಡ ಡಾಕ್ಟರರು ಅವನನ್ನು ಮಲಗಿಸಲಿಲ್ಲ. ನಿಂತಲ್ಲೇ ಎಡಪಕ್ಕೆಯ ಕೂದಲು ಬೋಳಿಸಿ, ಮರಗಟ್ಟುವ ಔಷಧಿ ಚುಚ್ಚಿ ಕೊಯ್ದರು. ನನಗೆ, "ನೀನು ಅವನ ಮುಂದೆ ನಿಲ್ಲು, ಮಾತಾಡುತ್ತಾ ಇರು, ಹಿಂದೆ ನೋಡಬೇಡ" ಅಂದರು. ನಾನು ಅವನ ಹಣೆಗೆ ಹಣೆ ಹಚ್ಚಿ, ನೀವು ಕರೆಯುವ ಧಾಟಿಯಲ್ಲೇ, "ಬಾರೋ ನನ ಮಾಣ್ಯಾ, ಹೊಳಿಗೆ ಹೋಗೂಣು ಬಾರೋ" ಎನ್ನುತ್ತಾ ಇದ್ದೆ. ಅವನು ಕಿವಿ ನಿಮಿರಿಸಿ ಅಲ್ಲಾಡದೆ ನಿಂತ, ಅಪ್ಪಾ. ಕಾಲು ಕೂಡ ಎತ್ತಿಡಲಿಲ್ಲ. ಹಿಂದೆ ನೋಡಬೇಡ ಅಂದರೂ ಒಮ್ಮೆ ನೋಡಿದೆ. ದೊಡ್ಡ ಡಾಕ್ಟರರ ಕೈ ತೋಳಿನವರೆಗೆ ಅವನ ಹೊಟ್ಟೆಯೊಳಗಿತ್ತು. ಅವರು ಕಣ್ಣು ಮುಚ್ಚಿಕೊಂಡು, ಕತ್ತಲಲ್ಲಿ ಏನೋ ಹುಡುಕುವವರ ಹಾಗೆ ತಡಕುತ್ತಿದ್ದರು. ಕೊನೆಗೆ ಕೈ ಹೊರಗೆ ಬಂದಾಗ ಎರಡು ಬೆರಳಿನ ನಡುವೆ ತೋರುಬೆರಳುದ್ದದ ತಂತಿ. ಶೇಖರ ಡಾಕ್ಟರರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎಂಟನೇ ದಿನಕ್ಕೆ ಅವನು ಮೆಲುಕು ಹಾಕಿದ. ಆ ಸದ್ದು ಕೇಳಿದ ಮೇಲೆಯೇ ನಾನು ಆ ಕಾಗದ ಬರೆದದ್ದು. ಆದರೆ ಅದರಲ್ಲಿ ನಿಜ ಬರೆಯುವ ಧೈರ್ಯವಾಗಲಿಲ್ಲ. ಈಗ ಬರೆದಿದ್ದೇನೆ. ಬೈಯುವುದಿದ್ದರೆ ಬೈಯಿರಿ, ಮಾಸ್ತರರು ಬರೆದುಕೊಳ್ಳುತ್ತಾರೆ.

ಇನ್ನು ಬಾಟಲಿಯ ವಿಷಯ. ಮಾಸ್ತರರೇ, ಕಟ್ಟೆಯ ಹತ್ತಿರ ಹೆಂಗಸರಿದ್ದರೆ ಇಲ್ಲಿ ಸ್ವಲ್ಪ ಕೆಮ್ಮಿ ದನಿ ತಗ್ಗಿಸಿರಿ. ಇಲ್ಲಿ ಹೋರಿಯನ್ನು ಆಕಳ ಹತ್ತಿರ ತಂದು, ಅವನು ಏರುವ ಹೊತ್ತಿಗೆ ಬೆಚ್ಚಗಿನ ನೀರು ತುಂಬಿದ ರಬ್ಬರಿನ ಕೊಳವೆಯಲ್ಲಿ ಬೀಜ ಹಿಡಿಯುತ್ತಾರೆ. ಮಾಣಿಕನಿಗೆ ಈ ವ್ಯವಹಾರ ಎಷ್ಟು ದಿನ ಕಳೆದರೂ ಒಗ್ಗಲಿಲ್ಲ. ಬಿಳಿ ಕೋಟು ಕಂಡ ಕೂಡಲೇ ಬುಸುಗುಟ್ಟಿ ತಿರುಗುತ್ತಿದ್ದ. ಒಂದು ದಿನ ಶೇಖರ ಡಾಕ್ಟರರನ್ನು ಗೋಡೆ ಹಾರಿಸಿದ. ನಾನೇ ಯೋಚನೆ ಮಾಡಿ ಡಾಕ್ಟರರಿಗೆ ಕೋಟು ಬಿಚ್ಚಿಸಿ, ನನ್ನ ಕಂಬಳಿ ಹೊದಿಸಿ, ತಲೆಗೆ ನನ್ನ ರುಮಾಲು ಸುತ್ತಿಸಿದೆ. ಬಿ.ವಿ.ಎಸ್ಸಿ. ಪಾಸಾದ ಮನುಷ್ಯ ನಮ್ಮ ಹೊಳೆದಂಡೆಯ ದನಗಾರನ ಹಾಗೆ ನಿಂತರು. ಮಾಣಿಕ ಮೂಸಿ ನೋಡಿ ಸುಮ್ಮನಾದ. ಅಂದೇ ಕೆಲಸವಾಯಿತು.

ಆಮೇಲೆ ಅವರು ನನ್ನನ್ನು ಒಳಗೆ ಕರೆದು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನಲ್ಲಿ ಅದರ ಒಂದು ಹನಿ ನೋಡಿಸಿದರು. ಅಪ್ಪಾ, ಹೇಗೆ ಹೇಳಲಿ! ಹೊಲದ ಒಡ್ಡು ಒಡೆದಾಗ ನೀರು ಒಂದರ ಮೇಲೊಂದು ಅಲೆಯಾಗಿ ನುಗ್ಗುತ್ತದಲ್ಲ, ಹಾಗೆ. ಒಂದು ಹನಿಯಲ್ಲಿ! ಎಲ್ಲ ಜೀವ, ಎಲ್ಲ ಮಾಣಿಕ. ಒಂದು ಸಲ ಹಿಡಿದದ್ದನ್ನು ಹದವಾಗಿ ಬೆರೆಸಿದರೆ ಇಪ್ಪತ್ತು ಆಕಳಿಗಾಗುತ್ತದೆ. ಏನನ್ನು ಬೆರೆಸುತ್ತಾರೆಂದು ಮಾತ್ರ ಬರೆಯುವುದಿಲ್ಲ, ಕೋಳಿಗೂಡಿನ ವಸ್ತು ಮುಟ್ಟಿದೆನೆಂದರೆ ಅವ್ವ ನನ್ನನ್ನು ಅಡುಗೆಮನೆಗೆ ಸೇರಿಸಲಿಕ್ಕಿಲ್ಲ. "ಒಂದು ಹೋರಿ ಅಂದ್ರ ಒಂದು ಸೀಮಿ" ಎಂದು ನೀವು ಅನ್ನುತ್ತಿದ್ದಿರಿ. ಆ ಹನಿ ನೋಡುವ ತನಕ ಅದು ಬರೀ ಮಾತೆಂದುಕೊಂಡಿದ್ದೆ.

ಅದು ಕೆಡದ ಹಾಗೆ ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿಟ್ಟು, ಎರಡು ದಿನದೊಳಗೆ ಹಳ್ಳಿ ಮುಟ್ಟಿಸಬೇಕು. ಕಾಂದಿವಲಿಯಿಂದ ಲೋಕಲ್ಲಿನಲ್ಲಿ ದಾದರ್, ಅಲ್ಲಿ ಸೇತುವೆ ದಾಟಿ ಆಚೆಯ ಲೈನಿಗೆ, ಅಲ್ಲಿ ಸೋಲಾಪುರದ ಗಾಡಿಯ ಗಾರ್ಡನ ಕೈಗೆ. ಕುರ್ಡುವಾಡಿಯಲ್ಲಿ ನಮ್ಮವರು ಇಳಿಸಿಕೊಳ್ಳುತ್ತಾರೆ. ಮೊದಲ ಸಲ ಫ್ಲಾಸ್ಕು ಒಯ್ಯುವ ದಿನವೇ ಮಂಜುಗಡ್ಡೆಯ ಗಾಡಿ ಬರಲಿಲ್ಲ. ನಾನು ಹುಚ್ಚನ ಹಾಗೆ ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ಓಡಿದೆ. ಅಲ್ಲಿ ಕೆಲಸ ಮಾಡುವ ಅಂಗಾರ ನನ್ನ ಗೆಳೆಯ, ಮಂಗಳೂರಿನ ಕಡೆಯವನು. "ಎಂಥ ಮಾರಾಯ, ಒಂದು ಫ್ಲಾಸ್ಕು ಚಾಕ್ಕೆ ಇಷ್ಟು ಗಡಿಬಿಡಿ ಉಂಟಾ?" ಅಂದ. ಚಹಾ ಅಲ್ಲವೆಂದು ಕಿವಿಯಲ್ಲಿ ಹೇಳಿದೆ. ಅವನ ಕಣ್ಣು ದೊಡ್ಡದಾಯಿತು. ಕೂಡಲೇ ಶರಬತ್ತಿಗೆಂದು ಗೋಣಿಯಲ್ಲಿ ಸುತ್ತಿಟ್ಟ ಮಂಜುಗಡ್ಡೆಯನ್ನು ಸಲಿಕೆಯ ಹಿಡಿಯಿಂದ ಒಡೆದು ಫ್ಲಾಸ್ಕಿನ ಬಾಯಿವರೆಗೆ ತುಂಬಿದ. "ಇವತ್ತು ಗಿರಾಕಿಗೆ ಶರಬತ್ತು ಇಲ್ಲ. ನೀನು ಓಡು" ಅಂದ. ಲೋಕಲ್ಲಿನಲ್ಲಿ ಒಬ್ಬ ಅಜ್ಜ ಫ್ಲಾಸ್ಕು ನೋಡಿ, ಒಂದು ಗುಟುಕು ಕೊಡು ಎಂದು ತನ್ನ ಲೋಟ ಚಾಚಿದ. ನಾನು ಅದನ್ನು ಎದೆಗೆ ಒತ್ತಿಕೊಂಡು, ರೋಗಿಯ ಔಷಧಿ ಬಾಬಾ ಅಂದೆ. ದಾದರಿನ ಸೇತುವೆಯ ಮೇಲೆ ಆ ಜನಸಾಗರದಲ್ಲಿ ಎರಡು ಮೊಣಕೈ ಕೊಂಬಿನ ಹಾಗೆ ಮಾಡಿ ನುಗ್ಗಿದೆ. ಗಾರ್ಡ್ ಹಸಿರು ಬಾವುಟ ಎತ್ತಿದ್ದ. ಓಡುತ್ತಲೇ ಕೊಟ್ಟೆ, ಅವನು ಬಾಗಿ ತೆಗೆದುಕೊಂಡ. ಗಾಡಿ ಹೋದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಕೈ ಮುಗಿದೆ. ಯಾರಿಗೆ ಮುಗಿದೆನೋ ಗೊತ್ತಿಲ್ಲ.

ಅದು ಹೋದ ವರ್ಷ ಕಾರ್ತಿಕದ ಮಾತು. ಆಮೇಲೆ ಒಂದೇ ತಿಂಗಳೊಳಗೆ ಇನ್ನೂ ಮೂರು ಸಲ ಕಳಿಸಿದೆವು. ಒಟ್ಟು ಮೂವತ್ತನಾಲ್ಕು ಆಕಳಿಗೆ ಹಾಕಿದರು, ಹದಿನೆಂಟಕ್ಕೆ ಗಬ್ಬ ನಿಂತಿತು. ಒಂದು ಕರು ಹುಟ್ಟುವಾಗಲೇ ಹೋಯಿತು. ಉಳಿದದ್ದು ಹದಿನೇಳು. ಹೋದ ವಾರ ಡಾಕ್ಟರರು ನೋಡಲು ಹೊರಟಾಗ, "ನೀನೂ ಬಾ. ಕರು ಯಾರದ್ದೆಂದು ಗುರುತು ಹಿಡಿಯುವವ ನೀನೇ" ಎಂದು ನನ್ನನ್ನೂ ಕರೆದುಕೊಂಡು ಹೋದರು.

ಆ ಸೀಮೆ ನಮ್ಮದರ ಹಾಗೆಯೇ ಇದೆ. ಕಲ್ಲು, ಕುರುಚಲು, ದೂರದಲ್ಲಿ ಬೋಳುಗುಡ್ಡ. ದೊಡ್ಡಬೇನೆ ಅವರನ್ನೂ ಬಿಟ್ಟಿರಲಿಲ್ಲ. ಹಟ್ಟಿಯ ಹಿರಿಯಳು ಗಂಗುಬಾಯಿ ಎಂಬ ಮುದುಕಿ, ಗಂಡ ಸತ್ತ ಮೇಲೆ ಮೂವತ್ತು ವರ್ಷದಿಂದ ತಾನೇ ದನ ಕಾಯುತ್ತಾಳೆ. ಮರಾಠಿ, ಕನ್ನಡ ಎರಡೂ ಬೆರೆಸಿ ಆಡುತ್ತಾಳೆ. ಬಾಟಲಿಯ ಕೆಲಸಕ್ಕೆ ಯಾರೂ ಮುಂದೆ ಬರದಿದ್ದಾಗ ತನ್ನ ಆಕಳನ್ನು ಮೊದಲು ಹಿಡಿದು ತಂದವಳು ಅವಳೇ. ನಮ್ಮ ಜೀಪು ನಿಂತ ಕೂಡಲೇ ಅವಳು ಬೇಲಿಯ ಗೇಟು ತೆಗೆದಳು. ಅಪ್ಪಾ, ಒಂದರ ಹಿಂದೆ ಒಂದು ಹಾರಿಬಂದವು! ಬೂದಿಬಿಳಿ ಮೈ, ನೆತ್ತಿಯ ಮೇಲೆ ಆ ಕೆಂಚುಕೂದಲು ಇನ್ನೂ ಉದುರಿಲ್ಲ. ಉದ್ದ ಮುಖ, ಹಣೆಯ ನಡುವೆ ಗೀರು, ಹಿಡಿಯಷ್ಟು ಕಿವಿ. ಡುಬ್ಬದ ಹಿಂದೆ ಮಾಣಿಕನ ಹಾಗೆ ಬಲಕ್ಕೆ ಸರಿದ ಸುಳಿ ಇದೆಯೇ ಎಂದು ಒಂದೊಂದನ್ನೇ ಹಿಡಿದು ಕೂದಲು ಸರಿಸಿ ನೋಡಿದೆ. ಹನ್ನೊಂದಕ್ಕೆ ಇದೆ. ಉಳಿದ ಆರಕ್ಕೆ ಇಲ್ಲ, ಆದರೆ ಆ ಆರರ ಸಿಟ್ಟು ನೋಡಿದರೆ ಸುಳಿಯೇ ಬೇಡ. ಒಂದು ಹೋರಿಗರು, ಹುಟ್ಟಿ ಎರಡು ತಿಂಗಳಾಗಿಲ್ಲ, ಶೇಖರ ಡಾಕ್ಟರರ ಬಿಳಿ ಕೋಟು ನೋಡಿ ತಲೆ ತಗ್ಗಿಸಿ ಮೊಣಕಾಲಿಗೆ ಗುದ್ದಿತು! ಡಾಕ್ಟರರು ಕೆಳಗೆ ಬಿದ್ದು ನಗುತ್ತಾ, "ಸಂಶಯವೇ ಇಲ್ಲ, ಇದು ಅವನದ್ದೇ" ಅಂದರು. ನಾನೂ ನಕ್ಕೆ. ನಗುತ್ತಲೇ ಕಣ್ಣು ತುಂಬಿತು. ನಿಮ್ಮನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಕೆನಿಸಿತು.

ಗಂಗುಬಾಯಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಸಿ ರೊಟ್ಟಿ, ಬೆಣ್ಣೆ ಇಟ್ಟಳು. ನಾನು ಯಾರ ಮಗನೆಂದು ತಿಳಿದ ಮೇಲೆ ಕೈ ಹಿಡಿದುಕೊಂಡಳು. "ಬಾಳಾ, ನಿಮ್ಮಪ್ಪಗ ಹೇಳು. ಅವ ಹೋರಿ ಕಳಕೊಂಡಿಲ್ಲ. ಅವನ ಕೊಟ್ಟಿಗಿ ಇಲ್ಲೀತನಾ ಬೆಳದದ" ಅಂದಳು. ಆ ಮಾತನ್ನು ಹಾಗೆಯೇ ಬರೆದಿದ್ದೇನೆ. ನನ್ನದೇನೂ ಸೇರಿಸಿಲ್ಲ.

ಮಾಣಿಕ ಈಗ ಗುಂಡುಕಲ್ಲಿನ ಹಾಗಿದ್ದಾನೆ. ಪಕ್ಕೆಯ ಗಾಯದ ಗೆರೆಯ ಮೇಲೆ ಕೂದಲು ಬಂದಿದೆ. ಮುಂದಿನ ವರ್ಷ ಮಾಘಕ್ಕೆ ಮೂರು ವರ್ಷ ತುಂಬುತ್ತದೆ, ಅವನನ್ನು ನಡೆಸಿಕೊಂಡು ಬಂದು ನಿಮ್ಮ ಕೈಗೆ ಒಪ್ಪಿಸುವುದು ನನ್ನ ಜವಾಬ್ದಾರಿ. ಅವ್ವನಿಗೆ ನನ್ನ ನಮಸ್ಕಾರ ಹೇಳಿರಿ. ಅವಳ ಕೆಮ್ಮಿಗೆ ಔಷಧಿ ತೆಗೆದುಕೊಂಡಿದ್ದೇನೆ. ಮಾಸ್ತರರೇ, ಇಷ್ಟುದ್ದ ಓದಿಸಿದ್ದಕ್ಕೆ ಕ್ಷಮೆಯಿರಲಿ, ಅವ್ವನಿಂದ ಒಂದು ಲೋಟ ಮಜ್ಜಿಗೆ ಕೇಳಿ ಕುಡಿಯಿರಿ. ಎಲ್ಲರ ಮೇಲೂ, ಕೊಟ್ಟಿಗೆಯ ಮೇಲೂ ಬಸವಣ್ಣನ ನೆರಳಿರಲಿ.

ನಿಮ್ಮ ಮಗ,
ಮುರಿಗೆಪ್ಪ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಶೇಖರ ಡಾಕ್ಟರರು ಆರ್ಡರು ಹಿಡಿದು ಬಂದರು. ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲಿನವನು ಹೊರಗೆ ನಿಂತಿದ್ದಾನೆ. ನಮ್ಮೂರ ಧರ್ಮಶಾಲೆಯಲ್ಲಿ ದನದ ಉಪಕೇಂದ್ರ ತೆರೆಯುತ್ತಾರೆ. ದೊಡ್ಡಬೇನೆಯ ಲಸಿಕೆಯೂ ಅಲ್ಲೇ ಇರುತ್ತದೆ, ಇನ್ನು ಯಾರೂ ಬಿಜಾಪುರದ ದಾರಿ ಕಾಯಬೇಕಾಗಿಲ್ಲ. ನಾನು ಶ್ರಾವಣದಲ್ಲಿ ದನದ ಡಾಕ್ಟರರ ಕೈಕೆಳಗಿನ ಸ್ಟಾಕ್‌ಮನ್ ತರಬೇತಿ ಪಾಸು ಮಾಡಿದೆ, ಅಲ್ಲಿಗೆ ನನ್ನನ್ನೇ ಹಾಕಿದ್ದಾರೆ! ಮಾಣಿಕ ಊರಿಗೆ ಬರುವ ತನಕ ಅವನನ್ನು ಡಾಕ್ಟರರೇ ನೋಡಿಕೊಳ್ಳುತ್ತಾರೆ, ಕಂಬಳಿ, ರುಮಾಲು ಅವರಿಗೇ ಬಿಟ್ಟು ಬರುತ್ತೇನೆ. ಮೊದಲ ದಿನ ಯಾವುದು ಇಡೋಣ ಎಂದು ಅವರು ಕೇಳಿದರು. ಹೋದ ತಿಂಗಳ ಇಪ್ಪತ್ತೊಂಬತ್ತಕ್ಕೆ ನಮ್ಮ ಆಕಳು ಗೌರಿ ಬೆದೆಗೆ ಬಂದು ಹಗ್ಗ ಹರಿದುಕೊಂಡಳೆಂದು ಅವ್ವ ಬರೆಸಿದ್ದಳು. ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬರುತ್ತಾಳೆಂದು ಲೆಕ್ಕ ಹಾಕಿ, ಈ ತಿಂಗಳ ಇಪ್ಪತ್ತನೇ ತಾರೀಖು ಗುರುವಾರ ಎಂದು ಹೇಳಿದ್ದೇನೆ. ಆದರೆ ಅಪ್ಪಾ, ಫ್ಲಾಸ್ಕಿನಲ್ಲಿ ಬರುವುದು ಮಾಣಿಕನದ್ದಲ್ಲ. ಗೌರಿ ಮಾಣಿಕನ ಮಗಳು. ಮಗಳಿಗೆ ಅಪ್ಪನನ್ನು ಕಟ್ಟಬಾರದೆಂದು ಹೇಳಿಕೊಟ್ಟವರು ನೀವೇ. ಇದು ಗಂಗುಬಾಯಿಯ ಹೋರಿಯದ್ದು. ನೀವು ಇದ್ದೊಂದು ಹೋರಿಯನ್ನೇ ಕೊಟ್ಟಿರೆಂದು ಕೇಳಿ, ಅವಳು ಚೈತ್ರದಲ್ಲಿ ತನ್ನದನ್ನೂ ಇಲ್ಲಿಗೆ ಕಳಿಸಿದಳು. ಹೆಸರು ಮೋತ್ಯಾ. ನೀವು ಅವನನ್ನು ನೋಡಿಲ್ಲ. ನಾನು ಆರು ತಿಂಗಳಿನಿಂದ ಮೈ ತಿಕ್ಕಿದ್ದೇನೆ, ನಿಮ್ಮ ಕಣ್ಣಿನಿಂದಲೇ ನೋಡಿದ್ದೇನೆ. ಊರವರು ಯಾರೂ ನನ್ನನ್ನು ನೋಡಿ ಆಕಳು ತರುವುದಿಲ್ಲ, ನೀವು ತಂದಿರೋ ಇಲ್ಲವೋ ಎಂದು ನೋಡುತ್ತಾರೆ. ನನ್ನ ಹತ್ತಿರ ಮಾತಾಡದಿದ್ದರೂ ಸರಿ. ಗುರುವಾರ ಬೆಳಿಗ್ಗೆ ಗೌರಿಯನ್ನು ಹೊಡೆದುಕೊಂಡು ಧರ್ಮಶಾಲೆಗೆ ಬನ್ನಿ. ಹಗ್ಗ ನೀವೇ ಹಿಡಿಯಬೇಕು, ಅವಳು ಇನ್ನೊಬ್ಬರ ಕೈಗೆ ನಿಲ್ಲುವುದಿಲ್ಲ.